ಚೊಗರಿನಲ್ಲಿ ಬರೆದ ಮುಖ

ಮೆಣಸೆಯ ಸುಂದರೇಶನಿಗೆ ‘ಸ್ಫೂರ್ತಿ’ ಎಂಬ ಪದ ಗೊತ್ತಾದದ್ದು ಐವತ್ತು ದಾಟಿದ ಮೇಲೆ. ಅಲ್ಲಿಯವರೆಗೆ ಸುಮ್ಮನೆ ಚಿತ್ರ ಬರೆಯುತ್ತಿದ್ದ. ಹಗಲೆಲ್ಲ ಪರರ ತೋಟದ ಕೂಲಿ, ಸುಗ್ಗಿಯಲ್ಲಿ ಅಡಿಕೆ ಬೇಯಿಸುವ ತಾಮ್ರದ ಹಂಡೆಯ ಚಾಕರಿ. ಸಂಜೆ ಮುಖ ತೊಳೆಯುವ ತ್ರಾಣವೂ ಇಲ್ಲದೆ ಜಗಲಿಯಲ್ಲಿ ಕುಸಿದು ಕೂತಾಗ, ಕಣ್ಣೆದುರು ಸಿಕ್ಕಿದ್ದನ್ನು ಪ್ಲೈವುಡ್ ತುಂಡಿನ ಮೇಲೆ ಇಳಿಸುತ್ತಿದ್ದ. ಯಾರೂ ಕಲಿಸಿದ್ದಲ್ಲ. ಬಣ್ಣಕ್ಕೆ ಚೊಗರು, ಅಂದರೆ ಅಡಿಕೆ ಬೇಯಿಸಿ ಉಳಿದ ಕೆಂಪು ನೀರು. ಕುಂಚಕ್ಕೆ ತುದಿ ಜಜ್ಜಿದ ಬಿದಿರುಕಡ್ಡಿ.

ಕಣ್ಣೆದುರು ಸಿಗುತ್ತಿದ್ದದ್ದು ಹೆಂಡತಿ ಕುಸುಮಾಳ ಬೆನ್ನು. ಅವಳು ಅಂಗಳದಲ್ಲಿ ಅತ್ತ ತಿರುಗಿ ಕೂತು ಅಡಿಕೆ ಸುಲಿಯುತ್ತಿದ್ದಳು. ಹೀಗಾಗಿ ಇವನ ಚಿತ್ರಗಳಲ್ಲೆಲ್ಲ ಬರೀ ಬೆನ್ನು.

ಬಾಳಗಡಿಯ ಡ್ರಾಯಿಂಗ್ ಮೇಷ್ಟ್ರು ಲಕ್ಷ್ಮೀಶ ಒಮ್ಮೆ ಈ ಚಿತ್ರಗಳನ್ನು ನೋಡಿ, ಕೊಪ್ಪದ ಚಿತ್ರಪ್ರದರ್ಶನಕ್ಕೆ ಒಂದನ್ನು ಕೇಳಿದರು. “ಮುಖ ಇರೋದು ಕೊಡಿ. ನಿಮ್ಮ ಸ್ಫೂರ್ತಿಯ ಮೂಲ ಎಂತದು ಅಂತಾನೂ ಯೋಚ್ನೆ ಮಾಡಿಡಿ.”

ಅಂದಿನಿಂದ ಸುಂದರೇಶನ ನಡಿಗೆಯೇ ಬದಲಾಯಿತು. ಕುಸುಮಾ ಕಟ್ಟಿಗೆ ತರಲು ಹೇಳಿದರೆ, “ಸುಮ್ನಿರು ಮಾರಾಯ್ತಿ, ಸ್ಫೂರ್ತಿ ಬರೋ ಹೊತ್ತು” ಎನ್ನುತ್ತಿದ್ದ.

“ಬರಲಿ. ಬರ್ತಾ ಎರಡು ಕಟ್ಟಿಗೆ ಹೊತ್ಕಂಡು ಬರೋಕೆ ಹೇಳಿ.”

ಒಂದು ಭಾನುವಾರ ಸ್ಫೂರ್ತಿಯನ್ನು ಹುಡುಕಿ ಕಿಗ್ಗದ ಬಸ್ಸನ್ನೂ ಹತ್ತಿದ. ಬೆಟ್ಟ ನೋಡಿದ. ನೋಡುತ್ತ ಕಲ್ಲಿಗೊರಗಿ ನಿದ್ದೆ ಹೋದ. ಕೊನೆಯ ಬಸ್ಸಿನ ಹಾರ್ನೇ ಅವನನ್ನು ಎಬ್ಬಿಸಬೇಕಾಯಿತು.

ಕಡೆಗೆ ಕುಸುಮಾಳೇ ಸೋತು ಇತ್ತ ತಿರುಗಿ ಕೂತಳು. ಸುಲಿದು ಸುಲಿದು ನೊಂದ ಸೊಂಟ. ಆದರೂ ಕೆಲವು ಸಂಜೆ ಅಲ್ಲಾಡದೆ ಕೂತಳು. ಅಷ್ಟು ವರ್ಷಗಳ ಸಂಸಾರದಲ್ಲಿ ಅವನು ಅವಳನ್ನು ಅಷ್ಟು ಹೊತ್ತು ನೋಡಿದ್ದು ಅದೇ ಮೊದಲು. ಮುಖ ಚೆನ್ನಾಗಿಯೇ ಬಂತು.

ಬೆಳಿಗ್ಗೆ ನೋಡಿದರೆ ಚಿತ್ರದ ಮುಖ ಕಪ್ಪಗಾಗಿತ್ತು. ಚೊಗರಿಗೆ ಕಬ್ಬಿಣ ತಾಗಿದರೆ ಕಪ್ಪಾಗುವುದು ಹಂಡೆ ಕಾದವರಿಗೆಲ್ಲ ಗೊತ್ತು. ಸುಂದರೇಶ ಹಿಂದಿನ ಸಂಜೆ ಸುಸ್ತಿನಲ್ಲಿ, ಕೈಗೆ ಸಿಕ್ಕಿದ ತುಕ್ಕು ಡಬ್ಬಿಗೆ ಚೊಗರನ್ನು ಸುರಿದುಕೊಂಡಿದ್ದ. ಸುಗ್ಗಿ ಮುಗಿದಿತ್ತು, ಬೇರೆ ಚೊಗರು ಇರಲಿಲ್ಲ. ಇದ್ದರೂ, ಇನ್ನೊಮ್ಮೆ ಕೂರು ಎನ್ನುವ ಬಾಯಿ ಅವನಿಗಿರಲಿಲ್ಲ.

ಅಷ್ಟರಲ್ಲಿ ಮೇಷ್ಟ್ರ ಬೈಕು ಬಂತು. ಅವರು ಪ್ಲೈವುಡ್ಡನ್ನು ದೂರ ಹಿಡಿದು, ಹತ್ತಿರ ಹಿಡಿದು, ತಲೆ ವಾಲಿಸಿ ನೋಡಿದರು. “ಅಳಿಸಿಹೋಗ್ತಿರೋ ಶ್ರಮಜೀವಿ! ಎಂಥಾ ಸಂಕೇತ ಮಾರಾಯ್ರೆ. ಬೇಕಂತಲೇ ಮಾಡಿದ್ದಲ್ವಾ?”

ಸುಂದರೇಶ ಹೌದೆನ್ನಲು ಬಾಯಿ ತೆರೆದ. ಹೌದೆಂದರೆ ಕೊಪ್ಪದಲ್ಲಿ ಹೆಸರು. ಬಾಗಿಲಲ್ಲಿ ಸೊಂಟಕ್ಕೆ ಕೈಕೊಟ್ಟು ನಿಂತ ಕುಸುಮಾ ಕಂಡಳು.

“ಇಲ್ಲ ಸಾರ್. ತುಕ್ಕು ಡಬ್ಬಿ ಮಾಡಿದ್ದು. ಅವಳು ಹೀಂಗಿಲ್ಲ. ಇದು ಬೇಡ, ಬೆನ್ನಿನ ಚಿತ್ರಾನೇ ಒಂದು ತಗಂಡು ಹೋಗಿ.”

ಮೇಷ್ಟ್ರು ಪೆಚ್ಚಾದರು. ಕುಸುಮಾ ಮುಂದೆ ಬಂದು ಚಿತ್ರವನ್ನು ಒಂದು ಕ್ಷಣ ನೋಡಿದಳು.

“ಇದನ್ನೇ ತಗಂಡು ಹೋಗಿ ಅತ್ಲಾಗೆ. ಗುರುತು ಸಿಗಲ್ಲ, ಒಳ್ಳೇದೇ ಆಯ್ತು. ಬಿಟ್ಟು ಹೋದ್ರೆ ಇವರು ನನ್ನ ಮತ್ತೆ ಕೂರು ಅಂತಾರೆ.”

ಮೇಷ್ಟ್ರು ಅದನ್ನೇ ಬೈಕಿಗೆ ಕಟ್ಟಿಕೊಂಡು ಹೋದರು. ಸದ್ದು ತಿರುವಿನಾಚೆ ಅಡಗಿದ ಮೇಲೆ ಸುಂದರೇಶ, ಕೊಡ ಹಿಡಿದು ನೀರಿಗೆ ಹೊರಟ ಹೆಂಡತಿಯ ಮುಖವನ್ನು ಬೆಳಕಿನಲ್ಲಿ ನೋಡಿದ. ತಾನು ಬರೆದದ್ದಕ್ಕಿಂತ ಮೂಗು ಗಿಡ್ಡ, ಕಣ್ಣು ಇನ್ನೂ ಒಳಕ್ಕೆ.

“ಎಂತ ನೋಡ್ತೀರಿ?”

“ಎಂತ ಇಲ್ಲ” ಎಂದು ಅವಳ ಕೈಯ ಕೊಡ ತೆಗೆದುಕೊಂಡು ಬಾವಿಗೆ ಹೋದ.