ಅಚ್ಚಿಗೆ ಕತ್ತರಿಸಿದ ಎಕ್ಸ್‌ರೇ

2004ರ ಫೆಬ್ರುವರಿ 11, ಬುಧವಾರದ ಡೈರಿ ಪುಟದಲ್ಲಿ ನಾನು ಬರೆದಿರುವುದು ಇಷ್ಟೇ: ಎದೆ ಒಂಬತ್ತು, ಕೈಕಾಲು ಆರು, ಬೆನ್ನು ಎರಡು, ಹಾಳಾದ ಫಿಲ್ಮ್ ಒಂದು. ಆ ಒಂಬತ್ತು ಎದೆಗಳಲ್ಲಿ ಒಂದು ನನ್ನ ಸೋದರಮಾವನದು ಎಂದು ಬರೆದಿಲ್ಲ. ಬರೆಯಲು ಕೈ ಬಂದಿರಲಿಲ್ಲ.

ಆಗ ನನಗೆ ಇಪ್ಪತ್ತೆರಡು. ಚಿತ್ರದುರ್ಗದ ಒಂದು ಸ್ಕ್ಯಾನಿಂಗ್ ಸೆಂಟರಿನಲ್ಲಿ ಎಕ್ಸ್‌ರೇ ತೆಗೆಯುವ ಕೆಲಸಕ್ಕೆ ಸೇರಿ ಒಂದು ವರ್ಷ ಏಳು ತಿಂಗಳಾಗಿತ್ತು. ಮಾವ ನನ್ನ ತಾಯಿಯ ಅಣ್ಣ. ಪಿಯುಸಿ ಓದುವಾಗ ಎರಡು ವರ್ಷ ಹೊಳಲ್ಕೆರೆಯಲ್ಲಿ ಅವನ ಮನೆಯಲ್ಲೇ ಇದ್ದೆ. ಮಾರ್ಕೆಟ್ ಯಾರ್ಡಿನಲ್ಲಿ ಅಡಿಕೆ ಚೀಲಗಳ ಮೇಲೆ ಮಂಡಿಯವರ ಗುರುತು ಹಾಕುವುದು ಅವನ ಕೆಲಸ. ಅಕ್ಷರ ಕೊರೆದ ಅಚ್ಚನ್ನು ಚೀಲದ ಮೇಲೆ ಇಟ್ಟು, ಬಣ್ಣದ ಬ್ರಷ್ಷು ಎಳೆದು, ಅಚ್ಚು ಎತ್ತಿದರೆ ಗುರುತು ಮೂಡಿರುತ್ತಿತ್ತು. ದಿನಕ್ಕೆ ಮುನ್ನೂರು ಚೀಲವಾದರೂ ಒಂದೂ ಸೊಟ್ಟಗಾಗುತ್ತಿರಲಿಲ್ಲ.

ತಿಂಗಳಾದರೂ ನಿಲ್ಲದ ಕೆಮ್ಮಿಗೆ ಅತ್ತೆ ಮಾವನನ್ನು ಬಲವಂತ ಮಾಡಿ ಕಳಿಸಿದ್ದಳು. ನಾನಿರುವ ಕಡೆ ಎಂಬ ಧೈರ್ಯಕ್ಕೆ ಬಂದಿದ್ದ. ಡಾರ್ಕ್ ರೂಮಿನ ಕೆಂಪು ಬೆಳಕಿನಲ್ಲಿ ಫಿಲ್ಮನ್ನು ದ್ರಾವಣದಿಂದ ಎತ್ತಿದಾಗ ಬಲಗಡೆ, ಕೊರಳೆಲುಬಿನ ಕೆಳಗೆ, ಹುಣಸೆಬೀಜದಷ್ಟು ಬಿಳಿ ಮಚ್ಚೆ ಕಂಡಿತು. ನೀರಿನ ತೊಟ್ಟಿರಬಹುದೆಂದು ಜಾಡಿಸಿದೆ. ಹೋಗಲಿಲ್ಲ. ಫಿಲ್ಮ್ ದೋಷವೆಂದುಕೊಂಡು ಮಾವನನ್ನು ಮತ್ತೆ ನಿಲ್ಲಿಸಿ ಇನ್ನೊಂದು ತೆಗೆದೆ. ಅಲ್ಲಿಯೂ ಇತ್ತು, ಅದೇ ಜಾಗದಲ್ಲಿ. ಅವತ್ತು ಹಾಳಾಯಿತೆಂದು ಬರೆದ ಫಿಲ್ಮ್ ಹಾಳಾಗಿರಲಿಲ್ಲ.

ಬುಧವಾರ ಮತ್ತು ಶನಿವಾರ ದಾವಣಗೆರೆಯಿಂದ ಬರುತ್ತಿದ್ದ ರೇಡಿಯಾಲಜಿ ಡಾಕ್ಟರು ಇನ್ನೂ ನೀರು ತೊಟ್ಟಿಕ್ಕುತ್ತಿದ್ದ ಫಿಲ್ಮನ್ನೇ ನೋಡಿ, ಶನಿವಾರ ಸಿ.ಟಿ. ಸ್ಕ್ಯಾನ್ ಮಾಡೋಣ ಎಂದರು. ಸಿ.ಟಿ. ಯಂತ್ರ ನಮ್ಮಲ್ಲಿಗೆ ಬಂದು ಐದು ತಿಂಗಳಾಗಿತ್ತಷ್ಟೇ. ಎದೆಯನ್ನು ಬ್ರೆಡ್ಡಿನ ಹಾಗೆ ಹೋಳು ಹೋಳಾಗಿ ತೋರಿಸುತ್ತಿತ್ತು. ಶನಿವಾರ ಡಾಕ್ಟರು ಪರದೆಯ ಮೇಲೆ ಮಚ್ಚೆಯ ಒಂದು ಅಂಚಿನಿಂದ ಇನ್ನೊಂದು ಅಂಚಿಗೆ ಗೆರೆ ಎಳೆದರು. ಹದಿನೆಂಟು ಮಿಲಿಮೀಟರ್. ಅಂಚು ನುಣುಪಾಗಿರಲಿಲ್ಲ.

"ಇದರ ಅಳತೆ ನಾನು ಹೇಳಬಲ್ಲೆ, ವಯಸ್ಸು ಹೇಳಲಾರೆ" ಎಂದರು. "ಹಿಂದೆ ಯಾವಾಗಲಾದರೂ ಎದೆ ಫಿಲ್ಮ್ ತೆಗೆಸಿದ್ದರೇನು, ಕೇಳು."

ಆ ಡಾಕ್ಟರಿಗೆ ಹೊಸ ವಿಷಯಗಳೆಂದರೆ ಇಷ್ಟ. ಸಕ್ಕರೆಯಂಥ ಔಷಧಿ ಚುಚ್ಚಿ, ಗಂಟು ಅದನ್ನು ಎಷ್ಟು ಹೀರುತ್ತದೆ ಎಂದು ನೋಡುವ ಯಂತ್ರ ಮುಂಬೈಗೆ ಬಂದಿದೆಯಂತೆ. ಹೊರದೇಶಗಳಲ್ಲಿ ಕಂಪ್ಯೂಟರೇ ಹಳೆಯ ಚಿತ್ರವನ್ನೂ ಹೊಸದನ್ನೂ ಹೋಲಿಸಿ ಮಚ್ಚೆ ಗುರುತಿಸುವಂತೆ ಮಾಡಲು ಪ್ರಯೋಗ ನಡೆಸುತ್ತಿದ್ದಾರಂತೆ. ಅವರು ಹೇಳಿದ್ದನ್ನೆಲ್ಲ ಡೈರಿಯ ಹಿಂದಿನ ಪುಟಗಳಲ್ಲಿ ಬರೆದಿಡುತ್ತಿದ್ದೆ. ಅವತ್ತು ಬರೆದದ್ದು ಒಂದೇ ಸಾಲು: ಹೋಲಿಸಲು ಹಳೆಯದು ಬೇಕು. ಹಳೆಯ ಫಿಲ್ಮಿನಲ್ಲಿ ಇದೇ ಮಚ್ಚೆ ಇಷ್ಟೇ ದೊಡ್ಡದಾಗಿದ್ದರೆ ಅದು ಯಾವುದೋ ಕಾಲದ ವಾಸಿಯಾದ ಗಾಯ, ಸುಮ್ಮನಿರಬಹುದು. ಇಲ್ಲದಿದ್ದರೆ ಬೆಂಗಳೂರಿಗೆ ಹೋಗಿ ಸೂಜಿ ಚುಚ್ಚಿಸಿ ಪರೀಕ್ಷೆ, ಆಮೇಲೆ ಬಹುಶಃ ಆಪರೇಷನ್.

ಮಾರನೆಯ ದಿನ ಭಾನುವಾರ ಹೊಳಲ್ಕೆರೆಗೆ ಹೋದೆ. ಮಾವ ಹಿತ್ತಲಲ್ಲಿ ಬ್ರಷ್ಷುಗಳನ್ನು ಸೀಮೆಎಣ್ಣೆಯಲ್ಲಿ ತೊಳೆಯುತ್ತಿದ್ದ. ಹಳೆಯ ಎಕ್ಸ್‌ರೇ ಇದೆಯಾ ಎಂದು ಕೇಳಿದೆ. ಇತ್ತು ಎಂದ. ಆರು ವರ್ಷದ ಹಿಂದೆ ಬಾಗೂರಿನಲ್ಲಿ ಅತ್ತೆಯ ತವರಿಗೆ ಹೋಗಿದ್ದಾಗ ಜ್ವರ, ಕೆಮ್ಮು ಹಿಡಿದು, ಹೊಸದುರ್ಗದಲ್ಲಿ ತೆಗೆಸಿದ್ದರಂತೆ. ಎಲ್ಲಿದೆ ಎಂದೆ.

"ಕತ್ತರಿಸಿ ಅಚ್ಚು ಮಾಡಿದ್ನಲ್ಲವ್ವ."

ಅವನು ಬ್ರಷ್ಷು ಹಿಂಡುತ್ತಲೇ ಹೇಳಿದ. ಮೊದಲೆಲ್ಲ ತಗಡಿನ ಅಚ್ಚು, ಅದು ಉಬ್ಬಿದ ಚೀಲದ ಮೇಲೆ ಕೂರುತ್ತಿರಲಿಲ್ಲ, ಬಣ್ಣ ಸೋರಿ ಅಕ್ಷರ ಕಲಸಿಹೋಗುತ್ತಿತ್ತು. ಮನೆಗೆ ಬಂದ ಆ ಎಕ್ಸ್‌ರೇ ಹಾಳೆಯನ್ನು ಬಗ್ಗಿಸಿ ನೋಡಿದ. ಚೀಲದ ಹೊಟ್ಟೆಗೆ ಸರಿಯಾಗಿ ಬಾಗುವ ಸಾಮಾನು. ಉದ್ದಕ್ಕೆ ಎರಡು ಮಾಡಿ ಒಂದೊಂದರಲ್ಲಿ ಒಂದೊಂದು ಅಕ್ಷರ ಕೊರೆದ. ಅದೇ ಅವನ ಮೊದಲ ಫಿಲ್ಮ್ ಅಚ್ಚು. ಅದನ್ನು ನೋಡಿ ಯಾರ್ಡಿನವರೆಲ್ಲ ಅಂಥದ್ದೇ ಕೇಳತೊಡಗಿದರು.

ಮುಂದಿನ ಕಥೆ ನನಗೇ ಗೊತ್ತಿತ್ತು. ಕೆಲಸಕ್ಕೆ ಸೇರಿದ ಮೇಲೆ ಅವನಿಗೆ ಫಿಲ್ಮ್ ತಂದುಕೊಡುತ್ತಿದ್ದವಳು ನಾನೇ. ಡೈರಿಯಲ್ಲಿ ಲೆಕ್ಕವಿದೆ: ಮೂವತ್ತೇಳು ಹಾಳೆ. ಇಪ್ಪತ್ತಾರು ಅಲುಗಾಡಿ ಕೆಟ್ಟವು. ಉಳಿದ ಹನ್ನೊಂದು, ತೆಗೆಸಿಕೊಂಡವರು ವಾಪಸು ಬಂದು ಒಯ್ಯದೆ ಬಿಟ್ಟವು. ಆ ಹನ್ನೊಂದನ್ನು ಕೊಡುವಾಗ ನನಗೆ ಏನೂ ಅನ್ನಿಸಿರಲಿಲ್ಲ, ಕಸವೆಂದೇ ಎಣಿಸಿದ್ದೆ. ಈಗ ಹಿತ್ತಲಲ್ಲಿ ನಿಂತು ಅವರ ಮುಖಗಳನ್ನು ನೆನಪಿಸಿಕೊಳ್ಳಲು ಒದ್ದಾಡಿದೆ. ಒಬ್ಬರದು ಮಾತ್ರ ಬಂತು: ಜವನಗೊಂಡನಹಳ್ಳಿ ಕಡೆಯ ಕುರಿ ಕಾಯುವ ಮುದುಕ, ತೋಳಿನ ತಾಯತ ಬಿಚ್ಚಲು ಒಪ್ಪದೆ ಅರ್ಧ ಗಂಟೆ ವಾದ ಮಾಡಿದ್ದ.

ಅತ್ತೆ ಒಳಗಿನಿಂದ ಬಂದು, ಬೆಂಗಳೂರಿಗೆ ಹೋಗಿಬಿಡಿ ಎಂದು ಮಾವನಿಗೆ ಹೇಳಿದಳು. ಮಾವ ಒಪ್ಪಲಿಲ್ಲ. ಮೈಗೆ ಕತ್ತಿ ಹಾಕಿಸಿಕೊಂಡು ಎದ್ದು ಬಂದವರನ್ನು ತಾನು ನೋಡಿಲ್ಲ ಎಂದ. ಅಡಿಕೆ ಹಂಗಾಮಿನಲ್ಲಿ ಕೆಲಸ ಬಿಡಲಾಗದೆಂದೂ ಅಲ್ಲ, ಹಟಕ್ಕೂ ಅಲ್ಲ, ಹೆದರಿಕೆಗೆ. ಆಮೇಲೆ ನನ್ನನ್ನೇ ನೋಡಿ ಹೇಳಿದ:

"ಆ ಅಚ್ಚು ಹುಡುಕು. ಆಗ್ಲೇ ಇತ್ತು ಅಂದ್ರೆ ನನ್ ಪಾಡಿಗೆ ನನ್ನ ಬಿಟ್ಬಿಡ್ರಿ. ಇರ್ಲಿಲ್ಲ ಅಂದ್ರೆ ನೀನು ಕರೆದ ಕಡೆ ಬರ್ತೀನಿ, ಯಾಕೆ ಅಂತ ಕೇಳಲ್ಲ."

ಸೋಮವಾರ, ಮಂಗಳವಾರ ಎರಡು ದಿನ ರಜೆ ಕೇಳಿದೆ. ಮೊದಲು ಹೊಸದುರ್ಗಕ್ಕೆ ಹೋದೆ, ಅಲ್ಲಿ ಒಂದು ಪ್ರತಿ ಇರಬಹುದೆಂಬ ಆಸೆಯಿಂದ. ಫಿಲ್ಮಿಗೆ ಪ್ರತಿ ಇರುವುದಿಲ್ಲವೆಂದು ನನಗಿಂತ ಚೆನ್ನಾಗಿ ಯಾರಿಗೆ ಗೊತ್ತು? ಆದರೂ ಹೋದೆ. ಅಲ್ಲಿನ ರಿಜಿಸ್ಟರಿನಲ್ಲಿ ಮಾವನ ಹೆಸರು, ತಾರೀಕು, "ಎದೆ, ಒಂದು" ಎಂಬ ಎರಡು ಪದ ಸಿಕ್ಕವು. ವರದಿಯನ್ನು ಫಿಲ್ಮಿನ ಕವರಿನಲ್ಲೇ ಇಟ್ಟು ಕಳಿಸುತ್ತಿದ್ದರಂತೆ. ಆ ಕವರಿನಲ್ಲಿ ಅತ್ತೆ ರೇಷನ್ ಕಾರ್ಡು ಇಟ್ಟು, ಕವರು ಹರಿದ ಮೇಲೆ ವರದಿಯ ಸಮೇತ ಒಲೆಗೆ ಹಾಕಿದ್ದಳು.

ಅಚ್ಚು ಯಾರ ಹತ್ತಿರವಿದೆ ಎಂಬುದು ಮಾವನಿಗೆ ಗೊತ್ತಿತ್ತು. ಅದನ್ನು ಮಾಡಿಸಿಕೊಂಡ ಮಂಡಿಯವರು ಹೊಳಲ್ಕೆರೆಯ ವ್ಯಾಪಾರ ಬಿಟ್ಟು ಹಿರಿಯೂರಿನಲ್ಲಿ ಶೇಂಗಾ ಅಂಗಡಿ ಹಾಕಿದ್ದರು. ಚೀಲದ ಗುರುತು ಬದಲಾಗಿರಲಿಲ್ಲ, ಹಾಗಾಗಿ ಅಚ್ಚನ್ನೂ ಒಯ್ದಿರಬೇಕು. ಸೋಮವಾರ ರಾತ್ರಿ ಬಾಗೂರಿನಲ್ಲಿ ಉಳಿದು, ಮಂಗಳವಾರ ಬೆಳಿಗ್ಗೆ ಹಿರಿಯೂರು ಬಸ್ ಹತ್ತಿದೆ. ಸೀಟು ಇದ್ದರೂ ಕೂರಲಾಗಲಿಲ್ಲ. ಬಸ್ಸು ನಿಂತ ಕಡೆಯೆಲ್ಲ ಗಡಿಯಾರ ನೋಡಿ ಬರೆದುಕೊಂಡೆ. ಹದಿನಾಲ್ಕು ಕಡೆ ನಿಂತಿತು. ಬರೆದರೆ ಬಸ್ಸು ಬೇಗ ಹೋಗುವುದಿಲ್ಲ. ದಾರಿಯುದ್ದಕ್ಕೂ ನನ್ನ ಬೇಡಿಕೆ ಒಂದೇ. ಆರು ವರ್ಷದ ಹಿಂದೆಯೂ ಮಾವನ ಎದೆಯಲ್ಲಿ ಆ ಮಚ್ಚೆ ಇದ್ದಿರಲಿ. ಒಬ್ಬ ಮನುಷ್ಯನಿಗೆ ಆಗಲೇ ಕಾಯಿಲೆಯಾಗಿದ್ದಿರಲಿ ಎಂದು ಬೇಡಿಕೊಳ್ಳುವ ಗತಿ ನನಗೆ ಬಂದಿತ್ತು.

ಅಂಗಡಿಯಲ್ಲಿ ಯಜಮಾನರಿರಲಿಲ್ಲ. ವಯಸ್ಸಾದ ಗುಮಾಸ್ತರೊಬ್ಬರು ತೂಕ ಬರೆಯುತ್ತಿದ್ದರು. ನಾನು ಬಂದ ವಿಷಯ ಹೇಳಿದೆ. ಅವರು ಕನ್ನಡಕ ಎತ್ತಿ ನನ್ನನ್ನು ನೋಡಿದರು.

"ಎಕ್ಸ್‌ರೇ ನೋಡಾಕೆ ಇಲ್ಲಿಗೆ ಬಂದ್ಯೇನಮ್ಮ? ಇಲ್ಲಿ ಡಾಕ್ಟ್ರು ಇಲ್ಲ, ಶೇಂಗಾ ಐತೆ."

ನಾನು ನಗಲಿಲ್ಲ. ಅವರೂ ಆಮೇಲೆ ನಗಲಿಲ್ಲ. ಎದ್ದು ಹೋಗಿ ಗೋದಾಮಿನ ಗೋಡೆಯ ಮೊಳೆಯಿಂದ ಒಂದು ಕಟ್ಟು ಅಚ್ಚು ಇಳಿಸಿದರು. ಒಂಬತ್ತು ಇದ್ದವು. ಐದು ತಗಡು, ಎರಡು ರಟ್ಟು, ಎರಡು ಫಿಲ್ಮ್. ಫಿಲ್ಮಿನವೆರಡರ ಮೇಲೂ ಕೆಂಪು ಬಣ್ಣ ಪದರ ಪದರವಾಗಿ ಕೂತು ರೊಟ್ಟಿಯಷ್ಟು ದಪ್ಪವಾಗಿದ್ದವು. ಬಿಸಿಲಿಗೆ ಹಿಡಿದರೆ ಕೊರೆದ ಅಕ್ಷರದಲ್ಲಿ ಮಾತ್ರ ಬೆಳಕು ಬಂತು.

ಗುಮಾಸ್ತರು ಸೋಡಾ ಹಾಕಿದ ಬಿಸಿನೀರಿನಲ್ಲಿ ನೆನೆಸೋಣ ಎಂದರು. ನಾನು ಬೇಡವೆಂದು ಅಚ್ಚನ್ನು ಎದೆಗೆ ಅವಚಿಕೊಂಡೆ. ಫಿಲ್ಮಿನ ಚಿತ್ರವಿರುವುದು ಮೇಲಿನ ತೆಳು ಲೇಪದಲ್ಲಿ. ಬಿಸಿನೀರಿಗೆ ಅದು ಕೆನೆಯ ಹಾಗೆ ಎದ್ದುಬರುತ್ತದೆ. ಮೊದಲ ತಿಂಗಳಲ್ಲಿ ನಾನೇ ಹಾಗೆ ಮೂರು ಕೆಡಿಸಿದ್ದೆ. ಸೀಮೆಎಣ್ಣೆ, ಹತ್ತಿ ಕೇಳಿದೆ. ಹೊರಗಿನ ಕಟ್ಟೆಯ ಮೇಲೆ ಕೂತು, ಉಜ್ಜದೆ, ಅದ್ದಿ ಅದ್ದಿ ಒರೆಸಿದೆ. ಹತ್ತಿಯ ಉಂಡೆ ಕೆಂಪಾದಂತೆ ಎಸೆದು ಬೇರೆ ತೆಗೆದುಕೊಂಡೆ. ಮೊದಲನೆಯದರಲ್ಲಿ ಹೃದಯದ ನೆರಳು ಬಂತು. ಅದು ಎಡಭಾಗ, ನನಗೆ ಬೇಕಾದದ್ದಲ್ಲ. ಎರಡನೆಯದಕ್ಕೆ ಒಂದೂ ಕಾಲು ಗಂಟೆ ಹಿಡಿಯಿತು. ಗುಮಾಸ್ತರು ಎರಡು ಸಲ ಬಂದು ನೋಡಿ, ಮೂರನೆಯ ಸಲ ಚಹಾ ಇಟ್ಟು ಹೋದರು.

ಪಕ್ಕೆಲುಬುಗಳು ಒಂದೊಂದೇ ಎದ್ದವು. ಆಮೇಲೆ ಕೊರಳೆಲುಬು. ನಡುವೆ ಗಂಟು ಕಟ್ಟಿ ಮೇಲಕ್ಕೆ ಬಾಗಿತ್ತು. ಹುಡುಗನಾಗಿದ್ದಾಗ ಚೀಲದ ರಾಶಿಯಿಂದ ಬಿದ್ದು ಮುರಿದುಕೊಂಡ ಮೂಳೆ, ನಾಟಿ ವೈದ್ಯರಿಂದ ಪಟ್ಟು ಹಾಕಿಸಿ ಹಾಗೇ ಕೂಡಿಕೊಂಡದ್ದು. ಬುಧವಾರದ ಫಿಲ್ಮಿನಲ್ಲಿಯೂ ಹೀಗೇ ಇತ್ತು. ಇದು ಮಾವನ ಎದೆಯೇ. ಅವನ ಚಾಕು ಅಕ್ಷರದ ತಲೆಯನ್ನು ಮೂರನೆಯ ಪಕ್ಕೆಲುಬಿನ ಕೆಳಗೆ ಕೊರೆದಿತ್ತು. ಅದರ ಮೇಲಿನ ಜಾಗ ಪೂರ್ತಿ ಉಳಿದಿತ್ತು. ನನಗೆ ಬೇಕಾದ ಜಾಗ ಅದೇ.

ಅಲ್ಲಿ ಏನೂ ಇರಲಿಲ್ಲ. ಕಪ್ಪಗೆ, ಶುದ್ಧವಾಗಿತ್ತು.

ಚಿತ್ರದುರ್ಗಕ್ಕೆ ಬರುವ ಬಸ್ಸಿನಲ್ಲಿ, ಗುಮಾಸ್ತರಿಂದ ಕೇಳಿ ತಂದ ಅಚ್ಚನ್ನು ಕಿಟಕಿಗೆ ಹಿಡಿದು ಎಷ್ಟು ಸಲ ನೋಡಿದೆನೋ, ಅದೊಂದನ್ನು ಎಣಿಸಿಲ್ಲ. ನನ್ನ ಕಣ್ಣು ತಪ್ಪಿರಲಿ, ಓದುವುದು ನನ್ನ ಕೆಲಸವಲ್ಲ, ತೆಗೆಯುವುದಷ್ಟೇ ಎಂದು ಹೇಳಿಕೊಂಡೆ. ಬುಧವಾರ ಮಧ್ಯಾಹ್ನ ಡಾಕ್ಟರು ಎರಡನ್ನೂ ಪಕ್ಕಪಕ್ಕ ಬೆಳಕಿನ ಪೆಟ್ಟಿಗೆಗೆ ಸಿಕ್ಕಿಸಿದರು. ಬಹಳ ಹೊತ್ತು ತೆಗೆದುಕೊಳ್ಳಲಿಲ್ಲ. ಇದು ಹೊಸದು, ಕಾಯುವಂತಿಲ್ಲ ಎಂದು ಅಲ್ಲೇ ಬೆಂಗಳೂರಿಗೆ ಪತ್ರ ಬರೆದುಕೊಟ್ಟರು.

ಅವತ್ತೇ ಸಂಜೆ ನಾಲ್ಕೂವರೆಗೆ ಯಾರ್ಡಿಗೆ ಹೋದೆ. ಮಾವ ಚೀಲಗಳ ಸಾಲಿನ ನಡುವೆ ಬಗ್ಗಿದ್ದ. ಅತ್ತೆ ನಾನು ಬರುವೆನೆಂದು ಅಲ್ಲೇ ಬಂದು ಕೂತಿದ್ದಳು. ನಾನು ಅಚ್ಚನ್ನು ಕೊಟ್ಟು, ಆಗ ಇರಲಿಲ್ಲ ಮಾವ ಎಂದೆ. ಅತ್ತೆ ಸದ್ಯ ಎಂದು ಕೈ ಮುಗಿದಳು. ಅವಳಿಗೆ ಬಿಡಿಸಿ ಹೇಳಬೇಕಾಯಿತು. ಆಗ ಇರಲಿಲ್ಲ ಎಂದರೆ ಆಮೇಲೆ ಬಂದಿದೆ, ಬೆಳೆಯುತ್ತಿದೆ ಎಂದೆ. ಅವಳ ಕೈ ಮುಗಿದಂತೆಯೇ ಉಳಿಯಿತು.

ಮಾವ ಮಾತ್ರ ಮೊದಲ ಮಾತಿಗೇ ತಿಳಿದುಕೊಂಡಿದ್ದ. ಅಚ್ಚನ್ನು ಇಳಿಬಿಸಿಲಿಗೆ ಹಿಡಿದು ನೋಡಿದ.

"ಇದನ್ನ ಕೊರೆಯಾಗ ಚೆನ್ನಾಗಿದ್ದೆ ಹಂಗಾರೆ."

"ನೀನು ಚೆನ್ನಾಗೇ ಇದ್ದೆ ಮಾವ."

ಇನ್ನೂ ಇಪ್ಪತ್ತೆರಡು ಚೀಲ ಉಳಿದಿದ್ದವು. ಅಷ್ಟಕ್ಕೂ ಗುರುತು ಹಾಕಿದ. ನಾನು ಅತ್ತೆಯ ಪಕ್ಕ ಕೂರಲಾರದೆ ಅವನ ಹಿಂದೆಯೇ ಚೀಲದಿಂದ ಚೀಲಕ್ಕೆ ನಡೆದೆ. ಕೊನೆಯದು ಮುಗಿದ ಮೇಲೆ ಬ್ರಷ್ಷನ್ನು ಡಬ್ಬಿಯ ಮೇಲೆ ಅಡ್ಡ ಇಟ್ಟು, "ಯಾವತ್ತು ಹೋಗಾಣ?" ಎಂದ. ಯಾಕೆ ಎಂದು ಕೇಳಲಿಲ್ಲ.

ಫೆಬ್ರುವರಿ 23, ಸೋಮವಾರ ಬೆಂಗಳೂರು ತಲುಪಿದೆವು. ಸೂಜಿಯ ಪರೀಕ್ಷೆಯಲ್ಲಿ ಕ್ಯಾನ್ಸರ್ ಎಂದು ಬಂತು. ಹರಡಿಲ್ಲ, ತೆಗೆಯಬಹುದು ಎಂದರು. ಆಪರೇಷನ್ನಿನ ದಿನ ಗೊತ್ತುಮಾಡುವ ಮೊದಲು ಸರ್ಜನ್ ಹಳೆಯ ಫಿಲ್ಮ್ ಕೇಳಿದಾಗ ನಾನು ಅಚ್ಚು ಕೊಟ್ಟೆ. ಅವರು ಅದನ್ನು ಬೆಳಕಿನ ಪೆಟ್ಟಿಗೆಗೆ ಹಾಕಿದರು. ಎದೆಯ ನಡುವೆ ದೊಡ್ಡ ಅಕ್ಷರವೊಂದು ಟ್ಯೂಬ್‌ಲೈಟಿನಂತೆ ಉರಿಯಿತು. ಸುತ್ತ ನಿಂತ ಕಿರಿಯ ಡಾಕ್ಟರುಗಳು ಮುಖ ಮುಖ ನೋಡಿಕೊಂಡರು. ಯಾರು ಹೀಗೆ ಕತ್ತರಿಸಿದ್ದು ಎಂದು ಸರ್ಜನ್ ಕೇಳಿದರು.

ಮಂಚದ ಮೇಲೆ ಅಂಗಿ ಬಿಚ್ಚಿ ಕೂತಿದ್ದ ಮಾವ ಕೈ ಎತ್ತಿದ. "ನಾನೇ ರೀ. ಮೇಲ್ಗಡೆ ಮುಟ್ಟಿಲ್ಲ."

ಸರ್ಜನ್ ಅವನನ್ನು ನೋಡಿದರು, ಮತ್ತೆ ಫಿಲ್ಮನ್ನು. ಚಾಕು ನೆಟ್ಟಗೆ ಹೋಗಿದೆ ಎಂದು ಹೇಳಿ ಮಾರ್ಚ್ 9ಕ್ಕೆ ದಿನ ಕೊಟ್ಟರು.

ಬಲ ಶ್ವಾಸಕೋಶದ ಮೇಲಿನ ಭಾಗ ತೆಗೆದರು. ಹದಿಮೂರನೆಯ ದಿನ ಮಾವ ನನ್ನ ಭುಜ ಹಿಡಿದು ವಾರ್ಡಿನ ಉದ್ದಕ್ಕೆ ನಡೆದ. ಹೋಗಿ ಬರಲು ನೂರ ನಾಲ್ಕು ಹೆಜ್ಜೆ. ಮೂರು ಸಲ ನಿಂತ. ಮೂರನೆಯ ಸಲ ನಿಂತಾಗ, ಸಾಕಾ ಎಂದು ಕೇಳಿದೆ. ಉಸಿರು ಸಿಗದೆ ಗೋಡೆ ಹಿಡಿದುಕೊಂಡು, ಮುಂದಕ್ಕೆ ಎಂದು ಗದ್ದದಲ್ಲೇ ತೋರಿಸಿದ.