ಪರದೆಯ ಮೇಲಿನ ಬೆಟ್ಟದೂರು

ನಾನು ಚಿಕ್ಕವನಿದ್ದಾಗ ಯಾರ ಮುಖವೂ ಪುಕ್ಕಟೆಯಾಗಿ ಫೋಟೋಕ್ಕೆ ಬೀಳುತ್ತಿರಲಿಲ್ಲ. ನಾವು ಮರಾಠಿ ಸೀಮೆಯ ಸಯನ್‌ನಲ್ಲಿ, ಒಂದು ಚಾಳಿನಲ್ಲಿದ್ದೆವು. ಧಾರವಾಡದಲ್ಲಿದ್ದ ಅಜ್ಜಿ ನನ್ನನ್ನು ಒಮ್ಮೆಯೂ ನೋಡಿರಲಿಲ್ಲ. ಅವಳ ಕಣ್ಣಿಗೆ ಪೊರೆ ಬರತೊಡಗಿತ್ತು. 'ಕಣ್ಣು ಪೂರಾ ಹೋಗೂದ್ರಾಗ ಮೊಮ್ಮಗನ ಮಾರಿ ತೋರಸ್ರಿ' ಎಂದು ಕಾಗದ ಬರೆಸಿದ್ದಳು. ಅದಕ್ಕೇ ಒಂದು ಭಾನುವಾರ ಅಪ್ಪ ನನ್ನನ್ನೂ ಅಕ್ಕನನ್ನೂ ಸ್ಟೇಶನ್ ಹತ್ತಿರದ ಫೋಟೋ ಸ್ಟುಡಿಯೋಗೆ ಕರೆದೊಯ್ದ.

ದರ ಕೇಳಿ ಅಪ್ಪ ಎರಡು ಸಲ ಮೆಟ್ಟಿಲಿಳಿದ. ಎರಡು ಸಲವೂ ಸ್ಟುಡಿಯೋದವನೇ ಕರೆದ. ಕೊನೆಗೆ ಅರ್ಧ ದರಕ್ಕೆ ಒಪ್ಪಿದ, ಆದರೆ ಒಂದೇ ಫೋಟೋ, ಕೆಟ್ಟರೆ ಇನ್ನೊಂದಿಲ್ಲ. ಅಪ್ಪ ಗೆದ್ದೆನೆಂದುಕೊಂಡ.

ಒಳಗೆ ಹೋದವನೇ ಬಾಯಿ ತೆರೆದು ನಿಂತುಬಿಟ್ಟೆ. ನೆಲದಿಂದ ಸೂರಿನವರೆಗೆ ಒಂದು ಪರದೆ, ಅದರ ತುಂಬ ಬೆಟ್ಟ! ಬೆಟ್ಟದ ಹೆಗಲಿಗೆ ಅಂಟಿಕೊಂಡ ಕಲ್ಲಿನ ಮನೆಗಳು, ಹೂವು ತುಂಬಿದ ಕಿಟಕಿಗಳು, ಸುತ್ತಿ ಸುತ್ತಿ ಮೇಲೇರುವ ಓಣಿ, ಚರ್ಚಿನ ಚೂಪು ಗೋಪುರ, ಅದರಾಚೆ ಹಾಲು ಚೆಲ್ಲಿದಂತೆ ಹಿಮ. ಅದು ಫ್ರಾನ್ಸಿನ ಒಂದು ಹಳ್ಳಿಯೆಂದು ಸ್ಟುಡಿಯೋದವನು ಹೇಳಿದ. ಚಿತ್ರ ಬಿಡಿಸುವವರು, ಕಥೆ ಬರೆಯುವವರು ದೂರದೂರದಿಂದ ಅಲ್ಲಿಗೆ ಬಂದು ಕೂರುತ್ತಾರಂತೆ. ನಾನು ಕಂಡಿದ್ದದ್ದು ಚಾಳಿನ ಸಾಲು ಬಾಗಿಲು, ಲೋಕಲ್ ಗಾಡಿ, ಗಿರಣಿಯ ಹೊಗೆ, ಅಷ್ಟೇ. ಬಣ್ಣದ ವಾಸನೆ ಹೊಡೆಯುವ ಆ ಪರದೆಯ ಮುಂದೆ, ಬೆವರು ಸುರಿಯುವ ಮೇ ತಿಂಗಳಲ್ಲಿ, ನನಗೆ ನಿಜವಾಗಿಯೂ ಚಳಿಯಾಯಿತು.

"ಏ ತಮ್ಮಾ, ಮುಂದ ನೋಡೋ! ಆ ಊರು ಎಲ್ಲೀ ಓಡಿ ಹೋಗಂಗಿಲ್ಲ," ಅಕ್ಕ ಗದರಿದಳು.

"ಹಲೂ ನಕೋ, ಬಾಳಾ!" ಅಲ್ಲಾಡಬೇಡವೆಂದು ಸ್ಟುಡಿಯೋದವನು ಮರಾಠಿಯಲ್ಲಿ ಕೂಗಿದ.

ಆದರೆ ಆ ಓಣಿಯ ತಿರುವಿನಾಚೆ ಏನಿದ್ದೀತು? ತಡೆಯಲಾಗದೆ ತಿರುಗಿದೆ. ಅದೇ ಹೊತ್ತಿಗೆ ಫಳ್ಳೆಂದು ದೀಪ ಮಿಂಚಿತು.

ಫೋಟೋದಲ್ಲಿ ಅಕ್ಕ ರಾಣಿಯಂತೆ ನಿಂತಿದ್ದಳು. ನನ್ನದು ಎಣ್ಣೆ ಹಚ್ಚಿ ಬಾಚಿದ ತಲೆಯ ಹಿಂಬದಿ ಮಾತ್ರ. ಇನ್ನೊಂದಕ್ಕೆ ಸ್ಟುಡಿಯೋದವನು ಪೂರ್ತಿ ದರ ಕೇಳಿದ. ಅಪ್ಪ ಹಲ್ಲು ಕಚ್ಚಿ ಅದನ್ನೇ ಕಳಿಸಿದ. ಮಕ್ಕಳೇ, ಮುಂದೆ ಸ್ವಂತ ಅಂಗಡಿ ಇಟ್ಟು ಬೆಳೆದ ನನ್ನ ಮಾತು ಕೇಳಿ: ಚೌಕಾಶಿ ಮಾಡಿ, ಆದರೆ ಕೆಟ್ಟರೆ ಏನು ಗತಿ ಎಂಬುದನ್ನೂ ಆಗಲೇ ಮಾತಾಡಿಕೊಳ್ಳಿ.

ಅಜ್ಜಿಯ ಉತ್ತರ ಬಂತು: 'ಬೆನ್ನು ನೋಡಿದೆ. ಮಾರಿ ನೀವ ಕರಕೊಂಡ ಬರ್ರಿ.' ಅಪ್ಪ ರೈಲಿನ ಟಿಕೆಟ್ ತೆಗೆಸಲೇಬೇಕಾಯಿತು. ಅಜ್ಜಿ ನನ್ನ ಮುಖವನ್ನು ಎರಡೂ ಅಂಗೈಯಲ್ಲಿ ಹಿಡಿದು, ಕಣ್ಣಿನ ಹತ್ತಿರಕ್ಕೆ ತಂದುಕೊಂಡು ಬಹಳ ಹೊತ್ತು ನೋಡಿದಳು.

"ಅಷ್ಟ ಏನಿತ್ತೋ ಆ ಊರಾಗ?" ಎಂದಳು.

ಹೊತ್ತು ಮುಳುಗುವವರೆಗೆ ಹೇಳಿದೆ.

ಈಗ ನೀವು ಬೆಟ್ಟಕ್ಕೆ ಹೋದರೆ, ಬೆಟ್ಟಕ್ಕೇ ಬೆನ್ನು ಹಾಕಿ, ಕೈ ಚಾಚಿ, ಮೊಬೈಲಿನಲ್ಲಿ ನಿಮ್ಮ ಮುಖವನ್ನು ಹತ್ತು ಸಲ ತೆಗೆದುಕೊಳ್ಳುತ್ತೀರಿ. ತೆಗೆದುಕೊಳ್ಳಿ, ಬೇಡವೆನ್ನುವುದಿಲ್ಲ, ಅಜ್ಜಿಯರಿಗೆ ಮುಖ ಬೇಕು. ಆಮೇಲೆ ಒಂದು ಸಲ ತಿರುಗಿ ನಿಲ್ಲಿ.