ಮೂರನೆಯ ವರ್ಷದ ಭೇಟಿ ಮತ್ತು ಪ್ರೊಫೆಸರ್ ಜಯಸಿಂಹ

ಮೃಗಶಿರ ಮಳೆ ಹುಟ್ಟಿ ಎರಡು ದಿನವಾಗಿತ್ತು. ಮುಂಬಯಿಯ ಫೋರ್ಟಿನ ಹಳೆಯ ಕಟ್ಟಡವೊಂದರ ಮೂರನೆಯ ಮಾಳಿಗೆಯಲ್ಲಿ, ವಿಶ್ವವಿದ್ಯಾಲಯದ ವಿಸ್ತರಣಾ ಶಿಕ್ಷಣ ವಿಭಾಗದಲ್ಲಿ, ಪ್ರೊಫೆಸರ್ ಜಯಸಿಂಹ ಅವರು ನೆಲದ ಮೇಲೆ ಕುಳಿತು ಇಪ್ಪತ್ತೊಂಬತ್ತು ವರ್ಷಗಳ ಪ್ರಶ್ನಾವಳಿಗಳನ್ನು ಬಸ್ತಿವಾರು, ಎಂದರೆ ಕೇರಿವಾರು, ಬೇರ್ಪಡಿಸಿ ಸೆಣಬಿನ ದಾರದಲ್ಲಿ ಕಟ್ಟುತ್ತಿದ್ದರು. ನಿವೃತ್ತಿಗೆ ಇಪ್ಪತ್ತೊಂದು ದಿನ ಉಳಿದಿತ್ತು. ಅವರೊಂದಿಗೆ ವಿಭಾಗವೂ ಮುಚ್ಚುವುದೆಂದು ಆಗಲೇ ತೀರ್ಮಾನವಾಗಿತ್ತು. ವಿಶ್ವವಿದ್ಯಾಲಯದ ಮೆಟ್ಟಿಲು ಹತ್ತಲಾರದವರ ಓಣಿಗೆ ವಿದ್ಯೆಯನ್ನು ಹೊತ್ತೊಯ್ಯುವ ಕೆಲಸಕ್ಕೆ ಈ ಮಹಾನಗರದಲ್ಲಿ ಒಂದು ಶಿಸ್ತನ್ನು ತಂದವರು, ಯೋಜನೆ ಹೇಗಿರಬೇಕು, ಅದರ ಫಲವನ್ನು ಹೇಗೆ ಅಳೆಯಬೇಕು ಎಂಬುದನ್ನು ಎರಡು ತಲೆಮಾರಿನ ಕಾರ್ಯಕರ್ತರಿಗೆ ಕಲಿಸಿದವರು ಅವರು. ಆ ಅಳತೆಗೋಲು ಅವರ ಕೈಯನ್ನೇ ಕೊಯ್ದ ಕಥೆಯನ್ನೂ ಈ ಅಭಿನಂದನ ಸಂಪುಟದಲ್ಲಿ ದಾಖಲಿಸುವುದು ಅವರಿಗೆ ಸಲ್ಲಬೇಕಾದ ಗೌರವವೇ ಸರಿ.

ನಾಗಮಂಗಲದ ಕಡೆಯ ಬೆದ್ದಲು ಹೊಲದಲ್ಲಿ ರಾಗಿ ಬಿತ್ತುತ್ತಿದ್ದ ತಂದೆ, ಎಂಟನೆಯ ದಿನ ಹೋಗಿ ಕಾಲಿನ ಹೆಬ್ಬೆರಳಿನಿಂದ ಮಣ್ಣು ಕೆದಕಿ ಮೊಳಕೆ ನೋಡುತ್ತಿದ್ದುದನ್ನು ಕಂಡು ಬೆಳೆದವರು ಜಯಸಿಂಹ. ಸಾವಿರದ ಒಂಬೈನೂರ ತೊಂಬತ್ತಾರರಲ್ಲಿ ಮುಂಬಯಿಗೆ ಬಂದಾಗ, ಹಾಜರಿ ಪುಸ್ತಕ ತುಂಬಿ ಪ್ರಮಾಣಪತ್ರ ಹಂಚಿದರೆ ಕಾರ್ಯಕ್ರಮ ಮುಗಿಯಿತು ಎಂಬ ವಾಡಿಕೆ ಅವರಿಗೆ ಒಗ್ಗಲಿಲ್ಲ. ತರಗತಿ ಮುಗಿದ ಮೂರನೆಯ ವರ್ಷ ಕಲಿತವರ ಮನೆಗಳಿಗೇ ಹೋಗಿ ಕೇಳಬೇಕು ಎಂಬ ನಿಯಮ ತಂದರು. ಅದಕ್ಕೆ ಭತ್ಯೆ ಇರಲಿಲ್ಲ. ಲೋಕಲ್ ಟಿಕೆಟ್ಟಿನ ದುಡ್ಡು ಅವರದೇ.

ಅವರ ಸಣ್ಣ ಸಣ್ಣ ಉಪಕಾರಗಳನ್ನು ಬರೆದರೆ ಅದೇ ಒಂದು ಪುಸ್ತಕವಾದೀತು. ನಲ್ಲಿಯಲ್ಲಿ ನೀರು ಬರುವ ಹೊತ್ತಿಗೆ ಅವರು ಎಂದೂ ತರಗತಿ ಇಡಲಿಲ್ಲ. ನೀರು ತಡವಾದ ದಿನ ಯಾರಿಗೂ ಗೈರುಹಾಜರಿ ಹಾಕಲಿಲ್ಲ. ಮುಂದೆ ವಿಭಾಗದಲ್ಲಿ ಅವರ ನಂತರದ ಸ್ಥಾನಕ್ಕೆ ಬಂದ ಡಾ. ಶಾಮಲಾ ಅವರನ್ನು ಮೊದಲ ಸಮೀಕ್ಷೆಯ ದಿನ ಬಸ್ತಿಯ ಹೆಂಗಸರು ಬಾಗಿಲಿನಿಂದಲೇ ಅಟ್ಟಿದ್ದರು. ಕಣ್ಣೀರಿಟ್ಟುಕೊಂಡು ಬಂದ ಅವರಿಗೆ ಜಯಸಿಂಹ, "ನಾಳೆ ಫಾರಂ ಬಿಟ್ಟು ಹೋಗಿ. ಒಂದು ಕೊಡ ಹಿಡ್ಕೊಂಡು ನೀರಿನ ಸಾಲಲ್ಲಿ ನಿಂತ್ಕೊಳ್ಳಿ. ಅವರೇ ಮಾತಾಡಿಸ್ತಾರೆ" ಎಂದರು. ಹಾಗೆಯೇ ಆಯಿತು.

ವಿಕ್ರೋಳಿಯ ವಠಾರದಂಥ ಒಂದು ಚಾಳಿನಲ್ಲಿ ಎರಡು ಸಾವಿರದ ಹನ್ನೆರಡರಲ್ಲಿ ಆರಂಭವಾದ ರೋಗಿ ಆರೈಕೆಯ ತರಗತಿ ಅವರ ಯೋಜನೆಗಳಲ್ಲೆಲ್ಲ ಹೆಚ್ಚು ಮುತುವರ್ಜಿಯದು. ಏನು ಕಲಿಯಬೇಕೆಂದು ಮನೆಮನೆಗೆ ಹೋಗಿ ಕೇಳಿದಾಗ ಹೆಂಗಸರು, "ಕೆಲಸ ಸಿಗುವಂಥದ್ದು" ಎಂದಿದ್ದರು. ಹಾಸಿಗೆ ಹಿಡಿದವರನ್ನು ಹೊರಳಿಸುವುದು, ಬೆನ್ನಿಗೆ ಹುಣ್ಣಾಗದಂತೆ ನೋಡಿಕೊಳ್ಳುವುದು, ಜ್ವರ ಅಳೆದು ಬರೆಯುವುದು: ಆರು ತಿಂಗಳು ಕಲಿತು ಇಪ್ಪತ್ತೆಂಟು ಹೆಂಗಸರು ಪ್ರಮಾಣಪತ್ರ ಪಡೆದರು. ಅವರಲ್ಲಿ ಮುಂದಾಳು ಅಕ್ಕು. ಉಡುಪಿ ಕಡೆಯವಳು, ಗಂಡ ದೂಜ ಫೋರ್ಟಿನ ಹೋಟೆಲೊಂದರಲ್ಲಿ ದೋಸೆ ಕಾವಲಿಯ ಮುಂದೆ ನಿಲ್ಲುವವನು.

ಮೂರನೆಯ ವರ್ಷದ ಭೇಟಿಗೆ ಆ ಸಲ ವಿಶ್ವವಿದ್ಯಾಲಯದ ಅಧಿಕಾರಿಯೊಬ್ಬರೂ ಜೊತೆಗೆ ಬಂದಿದ್ದರು. ಎರಡನೆಯ ತಂಡಕ್ಕೆ ಮೂವತ್ತೊಂದು ಹೆಸರುಗಳು ಬಂದಿದ್ದವು. ಮಂಜೂರಾತಿ ಈ ಮೌಲ್ಯಮಾಪನದ ಮೇಲೆ ನಿಂತಿತ್ತು. ಮೊದಲ ಮನೆಯಾಕೆ ಬಿಳಿ ಕೋಟು ತೊಟ್ಟು ನಿಂತಿದ್ದಳು. ಈಗಷ್ಟೇ ನರ್ಸಿಂಗ್ ಹೋಮಿನ ಡ್ಯೂಟಿಯಿಂದ ಬಂದೆ ಎಂದಳು. ಎರಡನೆಯ ಮನೆಯಾಕೆಯೂ ಬಿಳಿ ಕೋಟು ತೊಟ್ಟಿದ್ದಳು. ಆಕೆ ಡ್ಯೂಟಿಗೆ ಹೊರಟವಳು. ಮೂರನೆಯ ಮನೆಯಲ್ಲಿ ಜಯಸಿಂಹ ಅವರಿಗೆ ಕೋಟಿನ ಜೇಬಿನ ಕೆಳಗೆ ಅರಿಶಿನದ ಕಲೆ ಕಂಡಿತು. ನಾಲ್ಕನೆಯ ಮನೆಯಲ್ಲಿಯೂ ಅದೇ ಕಲೆ, ಅದೇ ಜಾಗದಲ್ಲಿ. ಐದನೆಯದು ಅಕ್ಕುವಿನ ಮನೆ. ಹಿಂದಿನ ಮೋರಿಯ ದಾರಿಯಿಂದ ಓಡಿ ಬಂದ ಆಕೆ ಏದುಸಿರು ಬಿಡುತ್ತಿದ್ದಳು. ಒಂದು ತೋಳು ಮಾತ್ರ ಕೋಟಿನೊಳಗಿತ್ತು. ಅಧಿಕಾರಿ ತಲೆಯೆತ್ತದೆ ಬರೆದುಕೊಳ್ಳುತ್ತಿದ್ದರು. ಶಾಮಲಾ ಸೆರಗಿನಿಂದ ಬಾಯಿ ಮುಚ್ಚಿಕೊಂಡರು.

ಅಧಿಕಾರಿ ಮುಂದೆ ಹೋದ ಮೇಲೆ ಜಯಸಿಂಹ ಮೆಲ್ಲಗೆ, "ಚೆನ್ನಾಗಿ ಓಡ್ತೀಯಮ್ಮ" ಎಂದರು.

"ಓಡ್ಲಿಕ್ಕೆ ಸರ್ಟಿಫಿಕೇಟು ಬೇಡ ಅಲ್ವಾ ಮಾಷ್ಟ್ರೆ!" ಎಂದು ಅಕ್ಕು ನಕ್ಕಳು. ಆಮೇಲೆ ನಗು ನಿಲ್ಲಿಸಿ, "ಕೆಲಸ ಸಿಕ್ಕಿದ್ದು ಇಬ್ರಿಗೆ. ನಿಮ್ಮ ಕಾಗದ ತೋರಿಸಿದ್ರೆ ನರ್ಸಿಂಗ್ ಹೋಮಿನವ್ರು ಕಣ್ಣೆತ್ತಿಯೂ ನೋಡುದಿಲ್ಲ. ಆದ್ರೆ ನೀವು ಅದನ್ನು ಬರಿಬೇಡಿ, ಆಯ್ತಾ? ಆ ಮೂವತ್ತೊಂದು ಜನ ಕಾಯ್ತಾ ಇದ್ದಾರೆ" ಎಂದಳು.

ಅವರು ಬರೆದರು. ಇಪ್ಪತ್ತೆಂಟರಲ್ಲಿ ಸಂಬಳದ ಕೆಲಸ ಸಿಕ್ಕಿದ್ದು ಇಬ್ಬರಿಗೆ ಎಂಬುದನ್ನು ಮೊದಲ ಪುಟದಲ್ಲಿಯೇ ಬರೆದರು. ಪ್ರಮಾಣಪತ್ರಕ್ಕೆ ಆಸ್ಪತ್ರೆಗಳ ಒಪ್ಪಿಗೆ ಪಡೆದು ತರಗತಿಯನ್ನು ಮುಂದುವರಿಸಬೇಕು ಎಂದು ಹದಿನಾಲ್ಕನೆಯ ಪುಟದಲ್ಲಿ ಬರೆದರು. ಮೇಲಿನವರು ಮೊದಲ ಪುಟ ಓದಿದರು. ತರಗತಿ ನಿಂತಿತು.

ಆ ಸುದ್ದಿಯನ್ನು ಬೇರೊಬ್ಬರ ಕೈಯಲ್ಲಿ ಹೇಳಿ ಕಳಿಸಬಹುದಿತ್ತು. ತಾವೇ ಹೋದರು. ಚಾಳಿನ ಅಂಗಳದಲ್ಲಿ ಯಾರೂ ಕೂಗಾಡಲಿಲ್ಲ. "ನಿಮಗೆ ಸತ್ಯ ಬೇಕಿತ್ತು ಮಾಷ್ಟ್ರೆ, ನಮಗೆ ಕ್ಲಾಸು ಬೇಕಿತ್ತು" ಎಂದಷ್ಟೇ ಅಕ್ಕು ಹೇಳಿದಳು. ಜಯಸಿಂಹ ಅವರು ಎಲ್ಲರೆದುರು ಮಾತು ಕೊಟ್ಟರು: "ನಿಮ್ಮ ಕೈಲಿರೋ ಕಾಗದಕ್ಕೆ ಬೆಲೆ ತಂದುಕೊಡ್ತೀನಿ. ಅದು ನನ್ನ ಮೇಲಿನ ಸಾಲ."

ಮುಂದಿನ ಹತ್ತು ವರ್ಷ ಗೋರೆಗಾಂವಿನಿಂದ ಫೋರ್ಟಿನವರೆಗೆ ಅವರು ಹತ್ತದ ಆಸ್ಪತ್ರೆಯ ಮೆಟ್ಟಿಲಿಲ್ಲ, ಕಾಯದ ಕಚೇರಿಯ ಬೆಂಚಿಲ್ಲ. ಕಡತ ದಪ್ಪವಾಯಿತು, ವಿಭಾಗ ತೆಳ್ಳಗಾಯಿತು. ಖಾಲಿಯಾದ ಹುದ್ದೆಗಳು ಖಾಲಿಯಾಗಿಯೇ ಉಳಿದವು. ಅವರ ಮೌಲ್ಯಮಾಪನದ ಮಾದರಿಯನ್ನು ಬೇರೆ ವಿಶ್ವವಿದ್ಯಾಲಯಗಳು ಪಠ್ಯದಲ್ಲಿ ಸೇರಿಸಿಕೊಂಡವು. ಯಾರಾದರೂ ಅದಕ್ಕಾಗಿ ಅಭಿನಂದಿಸಿದರೆ ಅವರು ಮಾತು ಬದಲಿಸುತ್ತಿದ್ದರು.

ಈ ಜೂನಿನಲ್ಲಿ ವಿಕ್ರೋಳಿಯ ಕಟ್ಟು ಕೈಗೆ ಬಂದಾಗ ಅವರು ದಾರ ಕೆಳಗಿಟ್ಟು ಎದ್ದರು. ಶಾಮಲಾ ಜೊತೆಗೆ ಹೊರಟರು. ಚಾಳು ಇದ್ದಲ್ಲಿ ತಗಡಿನ ಬೇಲಿ ಇತ್ತು, ಒಳಗೆ ಟವರ್ ಏಳುತ್ತಿತ್ತು, ಜನ ಚದುರಿಹೋಗಿದ್ದರು. ಕೇಳುತ್ತ ಕೇಳುತ್ತ ಹೋಗಿ, ತಾತ್ಕಾಲಿಕ ವಸತಿಯ ಬಿಲ್ಡಿಂಗೊಂದರ ಏಳನೆಯ ಮಾಳಿಗೆಯಲ್ಲಿ ಅಕ್ಕುವನ್ನು ಕಂಡರು. ಲಿಫ್ಟು ಕೆಟ್ಟಿತ್ತು. ಲಕ್ವ ಹೊಡೆದು ಮೂರು ವರ್ಷದಿಂದ ಮಲಗಿದ್ದ ದೂಜನನ್ನು ಆಕೆ ಎಡಮಗ್ಗುಲಿಗೆ ಹೊರಳಿಸುತ್ತಿದ್ದಳು. ತರಗತಿಯಲ್ಲಿ ಕಲಿಸಿದ ಕ್ರಮದಲ್ಲಿಯೇ: ಮೊದಲು ಮೊಣಕಾಲು, ಆಮೇಲೆ ಹೆಗಲು, ಬೆನ್ನಿಗೊಂದು ದಿಂಬು. ಜಯಸಿಂಹ ಬಗ್ಗಿ ನೋಡಿದರು. ಬೆನ್ನಿನಲ್ಲಿ ಒಂದೂ ಹುಣ್ಣಿರಲಿಲ್ಲ.

"ನೋಡು, ಉಪಯೋಗಕ್ಕೆ ಬಂತಲ್ಲಮ್ಮ" ಎಂದರು. ಅವರ ದನಿಯಲ್ಲಿ ಎಷ್ಟೋ ವರ್ಷಗಳಿಂದಿಲ್ಲದ ಒಂದು ಚೂರು ಆಸೆ ಇತ್ತು.

ಅಷ್ಟರಲ್ಲಿ ಬಾಗಿಲಲ್ಲಿ ಪಕ್ಕದ ಮನೆಯಾಕೆ ನಿಂತು, "ಅಕ್ಕು ಮೌಸಿ, ಸಾಸ್ ಕೋ ಜರಾ ಪಲಟನಾ ಹೈ" ಎಂದಳು. "ಆತೀ ಹೂಂ" ಎಂದು ಅಕ್ಕು ಕೈ ಒರೆಸಿಕೊಂಡಳು. ಅತ್ತೆಯನ್ನು ಹೊರಳಿಸಬೇಕು, ಬಾ ಎಂಬ ಕರೆ; ಬಂದೆ ಎಂಬ ಉತ್ತರ. ಆ ಬಿಲ್ಡಿಂಗಿನಲ್ಲಿ ಆಕೆಗೆ ದಿನಕ್ಕೆ ಇಂಥ ನಾಲ್ಕು ಮನೆ. ಯಾರೂ ಏನೂ ಕೊಡುವುದಿಲ್ಲ.

"ಕಲ್ತವಳು ನೀನೇ ಅಲ್ವಾ, ನೀನೇ ಮಾಡು ಅಂತಾರೆ ಮಾಷ್ಟ್ರೆ. ಕಾಲೊನಿಯಲ್ಲಿ ಮೂರು ಮನೆ ಕೆಲಸ ಇತ್ತು, ಇವ್ರು ಬಿದ್ದ ಮೇಲೆ ಅದೂ ಹೋಯ್ತು. ಇವ್ರನ್ನು ನೋಡ್ಲಿಕ್ಕೆ ಕೆಲಸದವಳನ್ನು ಇಡುವಾ ಅಂದ್ರೆ, ನಿನಗೆ ಗೊತ್ತುಂಟಲ್ಲ, ಯಾಕೆ ಅಂತ ಮಗ ಕೇಳ್ತಾನೆ. ಕಲಿಯದೆ ಇದ್ದಿದ್ರೆ ನನಗೂ ನಾಲ್ಕು ಜನರ ಹಾಗೆ ಹೊರಗೆ ಹೋಗ್ಲಿಕ್ಕೆ ಆಗ್ತಿತ್ತು. ನಾನೊಬ್ಳೇ ಅಲ್ಲ, ಹೆಚ್ಚಿನವ್ರದ್ದು ಕ್ಲಾಸು ಮುಗಿದಾಗಿಂದ ಇದೇ ಕಥೆ."

"ಅವತ್ತೇ ಯಾಕಮ್ಮ ಹೇಳ್ಲಿಲ್ಲ? ನಾನು ಕೇಳೋಕೇ ಬಂದಿದ್ದೆನಲ್ಲ."

"ನೀವು ಕೇಳಿದ್ದು ಸಂಬಳ ಎಷ್ಟು ಅಂತ. ಹೊರೆ ಎಷ್ಟು ಅಂತ ನಿಮ್ಮ ಫಾರಮಲ್ಲಿ ಇತ್ತಾ?"

ಇರಲಿಲ್ಲ. ಆ ಫಾರಂ ಬರೆದವರು ಅವರೇ. ಜಯಸಿಂಹ ಗೋಡೆಗೆ ಕೈಕೊಟ್ಟು ಕುಳಿತರು. ವಿಭಾಗ ಮುಚ್ಚುತ್ತಿದೆ, ಇನ್ನು ಆ ಕಾಗದಕ್ಕೆ ಬೆಲೆ ತರುವುದು ತಮ್ಮ ಕೈಲಿಲ್ಲ ಎಂಬುದನ್ನು ಹೇಳಿ, "ನನ್ನ ಮಾತು ಉಳಿಸ್ಕೊಳ್ಳೋಕೆ ಆಗ್ಲಿಲ್ಲ, ಆ ಸಾಲ ಬಿಟ್ಟುಬಿಡಮ್ಮ" ಎಂದು ಕೇಳಿಕೊಂಡರು.

ಅಕ್ಕು ಬಾಗಿಲಲ್ಲಿ ಚಪ್ಪಲಿ ಮೆಟ್ಟುತ್ತ, "ಹಾಗೆಲ್ಲ ಬಿಡುದಿಲ್ಲ. ಅದು ನಿಮ್ಮ ತಲೆ ಮೇಲೇ ಇರ್ಲಿ. ಉಳಿದವ್ರಿಗೂ ಹೋಗಿ ಹೇಳಿ, ಅವ್ರು ಬೈದ್ರೆ ಬೈಸ್ಕೊಳ್ಳಿ" ಎಂದು ಪಕ್ಕದ ಮನೆಗೆ ನಡೆದಳು.

ನಿವೃತ್ತಿಯ ನಂತರ ಜಯಸಿಂಹ ಅವರು ಮಾಡುತ್ತಿರುವುದು ಅದೊಂದೇ ಕೆಲಸ. ಕೈಯಲ್ಲಿ ಫಾರಂ ಇಲ್ಲ. ಈ ಲೇಖನ ಅಚ್ಚಿಗೆ ಹೋಗುವ ಹೊತ್ತಿಗೆ ಇಪ್ಪತ್ತೆಂಟರಲ್ಲಿ ಎಂಟು ಮನೆಗಳು ಸಿಕ್ಕಿವೆ. ಒಬ್ಬಾಕೆ ತೀರಿಕೊಂಡಿದ್ದಾಳೆ, ಉಳಿದವರು ಹೇಳುತ್ತಿರುವುದು ಅಕ್ಕು ಹೇಳಿದ್ದನ್ನೇ. ಇದರಿಂದ ಯಾರ ಹೊರೆಯೂ ಇಳಿಯುವುದಿಲ್ಲವೆಂಬುದು ಅವರಿಗೆ ಗೊತ್ತಿದೆ. ಪೂಜ್ಯರಿಗೆ ನಾವು ನೂರು ವರ್ಷದ ಆಯುಸ್ಸನ್ನು, ಮೆಟ್ಟಿಲು ಹತ್ತುವ ಕಾಲುಗಳನ್ನು ಹಾರೈಸುತ್ತೇವೆ. ಇನ್ನೂ ಇಪ್ಪತ್ತು ಮನೆಗಳಿವೆ.